ನಿದ್ದೆಗೆಟ್ಟವನಿಗೆ ಹೊದಿಸಿದ ಶಾಲು

ಸಾಗರ ಹೋದ ಸುದ್ದಿ ಸಿರಸಂಗಿಯ ಮನೆಗೆ ಮುಟ್ಟಿದಾಗ ಅವನ ಅಜ್ಜ ನಿಜಗುಣಪ್ಪನವರು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಬೈಲಹೊಂಗಲದ ಕಾಲೇಜಿನಿಂದ ಅವರ ಮಗ, ಸಾಗರನ ತಂದೆ ರಾಯಪ್ಪನಿಗೆ ಫೋನು ಬಂದಿತ್ತು. ಹುಡುಗನಿಗೆ ಆರಾಮಿಲ್ಲ, ದವಾಖಾನೆಗೆ ಬನ್ನಿ ಎಂದಷ್ಟೇ ಹೇಳಿದ್ದರು. ಹೇಳಿದವನ ದನಿಯಲ್ಲೇ ಉಳಿದದ್ದೆಲ್ಲ ಇತ್ತು. ಸೊಸೆ ಭಾಗೀರಥಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದಳು. ನಿಜಗುಣಪ್ಪನವರು ಪೂಜೆಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಅವರು ಹಾಗೆ ಎದ್ದದ್ದನ್ನು ಮನೆಯವರು ಎಂದೂ ಕಂಡಿರಲಿಲ್ಲ.

ದವಾಖಾನೆಯ ಅಂಗಳದಲ್ಲಿ ಪ್ರಾಚಾರ್ಯ ಸದಾಶಿವ ಸರ್ ಕಾಯುತ್ತಿದ್ದರು. ಹಾಸ್ಟೆಲಿನಲ್ಲಿ ಹುಡುಗ ತನ್ನ ಜೀವ ತಾನೇ ಕಳೆದುಕೊಂಡಿದ್ದ. ರಾಯಪ್ಪ ಮಗನ ಮುಖ ನೋಡುವ ಮೊದಲೇ ಪ್ರಾಚಾರ್ಯರು ಅವನ ಹೆಗಲಿಗೆ ಕೈಹಾಕಿ ಬದಿಗೆ ಕರೆದೊಯ್ದರು. ಪೊಲೀಸರ ಕಾಗದದಲ್ಲಿ ಏನೇ ಇರಲಿ, ಊರವರ ಮುಂದೆ ಎದೆನೋವು ಎಂದರೆ ನಿಮ್ಮ ಮನೆತನಕ್ಕೂ ಒಳ್ಳೆಯದು, ಸಂಸ್ಥೆಗೂ ಒಳ್ಳೆಯದು, ಹೇಗೂ ನಿಮ್ಮ ಚಿಕ್ಕ ಮಗಳು ರಾಣಿ ನಮ್ಮ ಸಂಸ್ಥೆಯ ಶಾಲೆಯಲ್ಲೇ ಹತ್ತನೆಯ ತರಗತಿ ಓದುತ್ತಿದ್ದಾಳಲ್ಲ ಎಂದರು. ರಾಯಪ್ಪ ತಲೆಯಾಡಿಸಿದ. ನಿಜಗುಣಪ್ಪನವರು ಹಿಂದೆಯೇ ನಿಂತು ಕೇಳಿದರು. ಹೆಣ ಇನ್ನೂ ಒಳಗಿತ್ತು, ಹೊರಗೆ ಇವರಿಬ್ಬರು ಸುಳ್ಳನ್ನು ಕುದುರಿಸಿ ಮುಗಿಸಿದ್ದರು.

ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಜನ ಮಾತನಾಡಿಸಲು ಬರತೊಡಗಿದರು. ಸತ್ತ ಮನೆಗೆ ಹೋಗಿ ನಾಲ್ಕು ಮಾತಾಡಿ ಬರುವುದು ಈ ಕಡೆಯ ರೂಢಿ. ಬಂದವರೆಲ್ಲ ಒಂದೇ ಮಾತು ಆಡಿದರು: ಎಂಥ ಹುಡುಗ, ರಾತ್ರಿಯಿಡೀ ಓದುತ್ತಿದ್ದನಂತೆ, ಕಣ್ಣು ಮುಚ್ಚುತ್ತಿರಲಿಲ್ಲವಂತೆ. ಆ ಮಾತು ಬಂದಾಗಲೆಲ್ಲ ನಿಜಗುಣಪ್ಪನವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ಏಕೆಂದರೆ ದೀಪಾವಳಿಗೆ ಬಂದಾಗ ಸಾಗರ ತಂದೆಯೆದುರು ಕೂತು ಹೇಳಿದ್ದ, ನಿದ್ದೆಯೇ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು. ಯಾರಾದರೊಬ್ಬ ಡಾಕ್ಟರಿಗೆ ತೋರಿಸು ಎಂದು ನಿಜಗುಣಪ್ಪನವರು ಹೇಳಿದಾಗ ರಾಯಪ್ಪ ನಕ್ಕಿದ್ದ. ಈಗಿನ ಓದು ನಿನಗೆ ತಿಳಿಯುವುದಿಲ್ಲ ಎಂದಿದ್ದ. ಅದೇ ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು, ನನ್ನ ಮಗ ನಿದ್ದೆಯನ್ನೇ ಬಿಟ್ಟಿದ್ದಾನೆ, ಡಾಕ್ಟರಾಗುವುದು ಖರೆ ಎಂದು ಮೀಸೆ ತಿರುವಿದ್ದ. ಕಾಲೇಜಿನವರು ಇನ್ನೂ ಮುಂದೆ ಹೋದರು. ರಾತ್ರಿಯೆಲ್ಲ ಓದುವ ವಿದ್ಯಾರ್ಥಿ ಎಂದು ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರ ಮುಂದೆ ಸಾಗರನಿಗೆ ಶಾಲು ಹೊದಿಸಿದರು. ಆ ಫೋಟೋ ಫೋನಿಗೆ ಬಂದಾಗ ಭಾಗೀರಥಿ ಓಣಿಯಲ್ಲೆಲ್ಲ ತೋರಿಸಿ ಬಂದಿದ್ದಳು. ಫೋಟೋದಲ್ಲಿ ಹುಡುಗನ ಕಣ್ಣು ಗುಳಿಬಿದ್ದದ್ದು ಯಾರಿಗೂ ಕಾಣಲಿಲ್ಲ. ಶಾಲು ಕಂಡಿತು.

ಆ ವಾರವೇ ಸದಾಶಿವ ಸರ್ ನಾಲ್ಕೈದು ಮಾಸ್ತರರೊಂದಿಗೆ ಬಂದರು. ಅದೇ ಶಾಲಿನ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದು ಗೋಡೆಗೆ ತೂಗುಹಾಕಿದರು. ಮಾಸ್ತರನೊಬ್ಬ ಫೋನು ಹಿಡಿದು, ತಾಯಿಯವರು ಸ್ವಲ್ಪ ಮುಖ ಮೇಲೆ ಮಾಡಲಿ, ಸರ್ ಹಾರ ಹಾಕುವುದು ಬರಲಿ ಎಂದ. ಭಾಗೀರಥಿ ಅತ್ತು ಊದಿದ ಮುಖವನ್ನು ಹೇಳಿದಂತೆ ಮೇಲೆತ್ತಿದಳು. ಹಾರ ಸರಿಯಾಗಿ ಬರಲಿಲ್ಲವೆಂದು ತೆಗೆದು ಮತ್ತೊಮ್ಮೆ ಹಾಕಿದರು. ನಿಜಗುಣಪ್ಪನವರು ಮುಖ ತಿರುಗಿಸಿದರು. ನಂತರ ಎಲ್ಲರೂ ಕೂತು ಚಹಾ ಕುಡಿದರು. ಪರೀಕ್ಷೆ ಹತ್ತಿರ ಬಂದಿದೆ, ರಾಣಿಯನ್ನು ಸೋಮವಾರವೇ ಕಳಿಸಿ ಎಂದರು ಸದಾಶಿವ ಸರ್.

ಕಂಬಕ್ಕೆ ಒರಗಿ ಕೂತ ರಾಣಿಯ ತುಟಿ ಒಣಗಿತ್ತು. ಅಣ್ಣ ಹೋದಾಗಿನಿಂದ ಅವಳು ಅತ್ತಿರಲಿಲ್ಲ. ಹುಡುಗಿ ರಾತ್ರಿ ಕಣ್ಣೇ ಮುಚ್ಚುವುದಿಲ್ಲ ಎಂದು ಭಾಗೀರಥಿ ಅಳುಕುತ್ತ ಹೇಳಿದಳು.

ಸದಾಶಿವ ಸರ್ ಬಶಿಯಲ್ಲಿ ಚಹಾ ಸುರುವಿಕೊಳ್ಳುತ್ತ, "ನಿದ್ದಿ ಬರವಲ್ದೇನು? ಹಂಗಾರ ಆ ವ್ಯಾಳ್ಯಾದಾಗ ಪುಸ್ತಕ ಹಿಡೀಲಿ. ಅಣ್ಣನ ಗುಣಾನ ಬಂದಾವ ಈಕಿಗೆ," ಎಂದರು.

ರಾಣಿ ತಲೆಯೆತ್ತಿದಳು. "ವಾರ್ಡನ್ ಸರ್ ಅಣ್ಣಗೂ ಹಿಂಗ ಅಂದಿದ್ರು," ಎಂದಳು.

"ರಾಣಿ, ಒಳಗ ನಡಿ," ಎಂದ ರಾಯಪ್ಪ.

"ನೀ ಸುಮ್ನಿರೋ," ಎಂದರು ನಿಜಗುಣಪ್ಪನವರು. "ಒಬ್ಬ ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ಲ. ಈಕಿ ಹೇಳೂದರ ಕೇಳು. ಹೇಳವ್ವಾ ತಂಗಿ."

ರಾಣಿ ತಡೆತಡೆದು ಹೇಳಿದಳು. ದವಾಖಾನೆಗೆ ಕರೆದುಕೊಂಡು ಹೋಗಿ ಎಂದು ಅಣ್ಣ ವಾರ್ಡನ್ನನ ಬಳಿ ಎರಡು ಸಲ ಹೋಗಿದ್ದ. ನಿದ್ದೆ ಬರದಿದ್ದರೆ ಪುಣ್ಯ, ಓದು ಎಂದು ಅವನು ತಿರುಗಿ ಕಳಿಸಿದ್ದ. ಶಾಲು ಹೊದಿಸಿದ ಮೇಲೆ ಅಣ್ಣ ತನ್ನೊಬ್ಬಳ ಹೊರತು ಬೇರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. "ಇನ್ನ ಹೆಂಗ ಹೇಳ್ಲಿ, ಎಲ್ಲಾರೂ ಚಪ್ಪಾಳಿ ಹೊಡದಾರ ಅಂದ," ಎಂದು ರಾಣಿ ಮೊಣಕಾಲಲ್ಲಿ ಮುಖ ಮುಚ್ಚಿಕೊಂಡಳು.

ಮಾಸ್ತರನೊಬ್ಬ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟ.

ಮಕ್ಕಳು ಮನಸ್ಸಿನ ಸಂಕಟ ಹೇಳಿಕೊಂಡರೆ ಕೇಳಲು ನಿಮ್ಮಲ್ಲಿ ಯಾರಿದ್ದಾರೆ ಎಂದು ನಿಜಗುಣಪ್ಪನವರು ಕೇಳಿದರು. ಸದಾಶಿವ ಸರ್ ಗಂಟಲು ಸರಿಮಾಡಿಕೊಂಡು, ಮಾನಸಿಕ ಆರೋಗ್ಯ ದಿನವನ್ನು ಪ್ರತಿ ವರ್ಷವೂ ಆಚರಿಸುತ್ತೇವೆ, ಬ್ಯಾನರ್ ಕಟ್ಟಿಸಿದ್ದೆವು, ಫೋಟೋಗಳಿವೆ ಎಂದರು. ತೋರಿಸಲು ಫೋನನ್ನೂ ತೆಗೆದರು.

ನಿಜಗುಣಪ್ಪನವರಿಗೆ ಹೇಸಿಗೆಯಾಯಿತು. ಹೊಲಸು ತುಳಿದವನಿಗೆ ಆಗುವಂಥ ಹೇಸಿಗೆ ಅದು. ಗೋಡೆಯ ಫೋಟೋವನ್ನು ಹಾರದ ಸಮೇತ ಇಳಿಸಿ ಪ್ರಾಚಾರ್ಯರ ತೊಡೆಯ ಮೇಲೆ ಇಟ್ಟರು.

"ಇದನ್ನ ತಗೊಂಡು ಹೋಗ್ರಿ. ನಿದ್ದಿ ಬರದ ಜಡ್ಡಿಗೆ ಶಾಲು ಹೊದಿಸಿದವರು ನೀವು. ನನ್ನ ಮೊಮ್ಮಗ ಎದಿನೋವಿಲೆ ಸತ್ತಿಲ್ಲ. ಕೇಳಿದವರಿಗೆಲ್ಲಾ ಖರೇನ ಹೇಳತೇನಿ ನಾ. ಉಳದ ಹುಡುಗರ ಅವ್ವ ಅಪ್ಪಗೋಳಿಗೆ ಗೊತ್ತಾಗಬೇಕು."

"ಅಜ್ಜಾರ, ಸಂಸ್ಥಾದ ಹೆಸರು..."

"ಎದ್ದು ನಡೀರಿ ಸರ್."

ಅವರು ಹೋದ ಮೇಲೆ, ರಾಣಿಯನ್ನು ಮನಸ್ಸಿನ ಡಾಕ್ಟರಿಗೆ ತೋರಿಸುತ್ತೇನೆ ಎಂದು ನಿಜಗುಣಪ್ಪನವರು ಹೇಳಿದಾಗ ರಾಯಪ್ಪ ಕೂಗಾಡಿದ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಹುಡುಗಿಗೆ ಹುಚ್ಚು ಎನ್ನುತ್ತಾರೆ, ನಾಳೆ ಯಾರು ಮದುವೆ ಮಾಡಿಕೊಳ್ಳುತ್ತಾರೆ ಎಂದ. ಇಷ್ಟಾದರೂ ಇವನಿಗೆ ಊರಿನ ನಾಲಿಗೆಯೇ ದೊಡ್ಡದಾಯಿತಲ್ಲ ಎಂದು ನಿಜಗುಣಪ್ಪನವರು ಹೆತ್ತ ಮಗನನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದರು. ಅವನೊಡನೆ ವಾದಿಸಲಿಲ್ಲ. ಮಂಗಳವಾರ ಸವದತ್ತಿಯ ಸರಕಾರಿ ದವಾಖಾನೆಗೆ ಅಂಥ ಡಾಕ್ಟರು ಬರುತ್ತಾರೆಂದು ಊರಿನ ಆಶಾ ಕಾರ್ಯಕರ್ತೆ ಸೀತವ್ವ ಹೇಳಿದ್ದಳು. ಆ ದಿನ ರಾಣಿಯನ್ನು ಕರೆದುಕೊಂಡು ನಿಜಗುಣಪ್ಪನವರು ಬಸ್ಸು ಹತ್ತಿದರು. ಭಾಗೀರಥಿ ಗಂಡನ ಮುಖ ನೋಡದೆ ಜೊತೆಗೆ ಬಂದಳು.

ಡಾಕ್ಟರಮ್ಮ ರಾಣಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಒಳಗಿನಿಂದ ಹುಡುಗಿ ಅಳುವುದು ಕೇಳಿಸಿತು. ಭಾಗೀರಥಿ ಎದ್ದು ಬಾಗಿಲಿಗೆ ಹೋದಳು. ಮಾವ ಕೈಸನ್ನೆಯಿಂದ ತಡೆದರು. ಆಮೇಲೆ ಡಾಕ್ಟರಮ್ಮ ಇವರನ್ನೂ ಕರೆದರು. ಇವಳನ್ನು ಒಬ್ಬಳನ್ನೇ ಬಿಡಬೇಡಿ, ಶಾಲೆಗೆ ಕಳಿಸಲು ಅವಸರ ಮಾಡಬೇಡಿ, ಅಣ್ಣನ ಮಾತು ತೆಗೆದರೆ ಬಾಯಿ ಮುಚ್ಚಿಸಬೇಡಿ, ಮುಂದಿನ ಸಲ ತಂದೆಯೂ ಬರಲೇಬೇಕು ಎಂದರು.

ಊರಿಗೆ ಮರಳಿದವರೇ ನಿಜಗುಣಪ್ಪನವರು ಹೊಲಕ್ಕೆ ಹೋದರು. ಹಾಗೆ ಜೀವ ಬಿಟ್ಟವರಿಗೆ ಸದ್ಗತಿಯಿಲ್ಲ ಎಂದು ಯಾರೋ ಮನೆಯಲ್ಲೇ ಕೂತು ಹೇಳಿ ಹೋಗಿದ್ದರು. ಆ ಮಾತನ್ನು ಅವರು ಉಗುಳಿಬಿಟ್ಟರು. ಹಸಿ ಮಣ್ಣಿಗೆ ವಿಭೂತಿ ಹಚ್ಚಿ, ಪತ್ರಿ ಇಟ್ಟು, ಕೈಮುಗಿದರು.

"ಶಿವನೇ, ನನ್ನ ಕೂಸು ಭಾಳ ನೋವು ತಿಂದು ನಿನ್ನ ಕಡೆ ಬಂದೈತಿ. ಅದರ ಮ್ಯಾಲೆ ಸಿಟ್ಟಾಗಬ್ಯಾಡ. ಹತ್ರ ಕುಂಡ್ರಿಸ್ಕೊಂಡು ತಲಿ ಸವರು. ಸಾಗರನ ಜೀವಕ್ಕ ಶಾಂತಿ ಕೊಡೋ ನನ್ನಪ್ಪಾ."