ಇಬ್ಬರಿಗೆ ಒಂದು ಜೊತೆ

"ಬೂಟು ಕೊಟ್ರೂ ಆಕ್ಕೊಳೋ ಯೋಗ್ಯತೆ ಇಲ್ಲ ಬೋಳಿಮಕ್ಳಿಗೆ. ಅವಾಯಿ ಚಪ್ಲೀನೇ ಇವ್ರ ಅಣೇಬರ," ಎಂದು ಕಂಟ್ರಾಕ್ಟರ್ ರಾಜೇಂದ್ರ ನನ್ನ ಮುಂದೆ ಕಾಗದ ತಳ್ಳಿದ.

ನಂಜನಗೂಡಿನ ಬಣ್ಣದ ಕಾರ್ಖಾನೆಯ ಆಫೀಸದು. ಸೇಫ್ಟಿ ಆಫೀಸರ್ ಚಿನ್ಮಯ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು, ನಾನು ನಿಂತಿದ್ದೆ. ಹಿಂದಿನ ದಿನ ಬಣ್ಣದ ಡ್ರಮ್ಮು ಉರುಳಿ ರಾಚಯ್ಯನ ಬಲಗಾಲಿನ ಮೂರು ಬೆರಳು ಜಜ್ಜಿಹೋಗಿದ್ದವು. ಆಗ ಪಕ್ಕದಲ್ಲಿದ್ದವನು ನಾನೊಬ್ಬನೇ. ಕಂಪನಿ ಕೊಟ್ಟ ಸೇಫ್ಟಿ ಬೂಟನ್ನು ರಾಚಯ್ಯ ಬೇಜವಾಬ್ದಾರಿಯಿಂದ ಹಾಕಿಕೊಂಡಿರಲಿಲ್ಲ ಎಂದು ಕಾಗದದಲ್ಲಿ ಬರೆದಿತ್ತು. ಕೆಳಗೆ ನಾನು ಸಹಿ ಮಾಡಿದರೆ ಅವನಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

"ಅವನು ಹಾಕಿರಲಿಲ್ಲ ತಾನೆ? ನೀನೇ ನೋಡಿದ್ದೀಯಲ್ಲ," ಎಂದರು ಸಾಹೇಬರು, ಬಹಳ ಮೆತ್ತಗೆ.

ಹಾಕಿರಲಿಲ್ಲ, ಅದು ನಿಜ. ಅವತ್ತು ಬೂಟು ನನ್ನ ಕಾಲಲ್ಲಿತ್ತು.

ಕಂಟ್ರಾಕ್ಟಿನ ಆಳುಗಳಿಗೆ ಇಬ್ಬರಿಗೆ ಒಂದು ಜೊತೆ. ಒಂದು ದಿನ ರಾಚಯ್ಯ, ಮಾರನೆಯ ದಿನ ನಾನು. ಇಬ್ಬರೂ ಒಂದೇ ಕೇರಿಯವರಾದ್ದರಿಂದ ಕೈ ಬದಲಾಯಿಸುವುದು ಕಷ್ಟವಿರಲಿಲ್ಲ. ಪುಸ್ತಕದಲ್ಲಿ ಮಾತ್ರ ತಲಾ ಒಂದು ಜೊತೆ ತಗೊಂಡೆವೆಂದು ಸಹಿ ಹಾಕಿದ್ದೆವು. ಹಾಕದಿದ್ದರೆ ಗೇಟಿನೊಳಕ್ಕೆ ಬಿಡುತ್ತಿರಲಿಲ್ಲ. ಬೂಟು ಅವನ ಅಳತೆಯದು, ನಾನು ಅದರ ಮೂತಿಗೆ ಹಳೇ ಬಟ್ಟೆ ತುರುಕಿಕೊಳ್ಳುತ್ತಿದ್ದೆ. ಅದರ ಮೂತಿಯೊಳಗೆ ಕಬ್ಬಿಣದ ಬಟ್ಟಲಿರುತ್ತದೆ. ಡ್ರಮ್ಮು ಬಿದ್ದರೆ ಬೂಟು ಠಣ್ ಎನ್ನುತ್ತದೆ. ಹವಾಯಿ ಚಪ್ಪಲಿಯ ಮೇಲೆ ಬಿದ್ದರೆ ಕೂಗುವವನು ಮನುಷ್ಯ.

ಆದರೆ ನಮ್ಮ ಕೇರಿಯಲ್ಲಿ ಬೂಟಿನ ಉಪಯೋಗವೇ ಬೇರೆ. ಹೆಣ್ಣು ನೋಡಲು ಹೋಗುವವರು, ಬ್ಯಾಂಕಿಗೆ ಹೋಗುವವರು ಕಾರ್ಖಾನೆಯ ಬೂಟನ್ನು ಬೇಡಿಕೊಂಡು ಹೋಗುತ್ತಾರೆ. ನಾನೂ ಬುಧವಾರ ಸಂಜೆ ಬಸ್ಸಿನಲ್ಲಿ ಬಾಯಿ ಬಿಟ್ಟು ಕೇಳಿದೆ. ಗುರುವಾರ ರಾಚಯ್ಯನ ಸರದಿ. ಅವತ್ತೇ ಶಿಫ್ಟು ಮುಗಿಸಿ ನಾನು ನರಸೀಪುರಕ್ಕೆ, ಮಗಳು ಕೋಮಲಳ ಶಾಲೆಯ ಪೋಷಕರ ಸಭೆಗೆ ಹೋಗಬೇಕಿತ್ತು. ಶಿಫ್ಟು ಮುಗಿದ ಮೇಲೆ ಬದಲಾಯಿಸಿಕೊಳ್ಳುವಂತಿರಲಿಲ್ಲ, ಅವನಿಗೆ ಅವತ್ತು ಓವರ್‌ಟೈಮಿತ್ತು. ಹೋದ ಸಲ, ಕಿತ್ತ ಬಾರಿಗೆ ಪಿನ್ನು ಚುಚ್ಚಿದ ಹವಾಯಿಯಲ್ಲಿ ಹೋದಾಗ ಅವಳು ಗೇಟಿಗೇ ಓಡಿಬಂದು, ಅಪ್ಪ ನೀನು ಇಲ್ಲೇ ಇರು, ಮಿಸ್ಸು ನಿನ್ನನ್ನೇನೂ ಕೇಳಲ್ಲ ಎಂದಿದ್ದಳು.

"ಆಕ್ಕೊಂಡೋಗ್ಲಾ," ಎಂದಿದ್ದ ರಾಚಯ್ಯ. "ಮಗ್ಳು ತಲೆ ಎತ್ಕಂಡು ನಿಂತ್ಕಬೇಕು."

ಡ್ರಮ್ಮು ಉರುಳಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅವನನ್ನು ಎತ್ತಿ ಜೀಪಿಗೆ ಹಾಕಿದವನು ನಾನೇ. ಶಿಫ್ಟು ಮುಗಿದ ಮೇಲೆ ಆಸ್ಪತ್ರೆಗೆ ಹೋಗಲಿಲ್ಲ. ನಲ್ಲಿಯ ಕೆಳಗೆ ಬೂಟಿನ ರಕ್ತ ತೊಳೆದು ನರಸೀಪುರದ ಬಸ್ಸು ಹತ್ತಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೋದೆ. ಕೋಮಲ ನನ್ನ ಕಾಲು ನೋಡಿದಳು, ಕೈ ಹಿಡಿದು ಮಿಸ್ಸಿನ ಹತ್ತಿರ ಕರೆದುಕೊಂಡು ಹೋದಳು. ಆಗ ನನಗೆ ಖುಷಿಯಾಯಿತು.

"ಏನ್ಲಾ, ಪೆನ್ನು ಇಡ್ಕಂಡು ನಿದ್ದೆ ಮಾಡ್ತಿದ್ದೀಯಾ?" ಎಂದ ರಾಜೇಂದ್ರ. "ಸೈನ್ ಆಕು. ನಾಳೆಯಿಂದ ಆ ಬೂಟು ನಿಂಗೊಬ್ನಿಗೇ."

ಸಾಹೇಬರು ಕಿಟಕಿಯ ಕಡೆ ನೋಡಿದರು.

ರಾಜೇಂದ್ರ ನನ್ನನ್ನು ಒಂದು ಜೊತೆ ಬೂಟಿನಷ್ಟೇ ಎಂದು ಅಳೆದಿದ್ದ. ಅಳತೆ ತಪ್ಪು ಎನ್ನುವ ಧೈರ್ಯ ನನಗೂ ಇರಲಿಲ್ಲ. ಅಲ್ಲೇ ನೆಲಕ್ಕೆ ಕೂತು ಲೇಸು ಬಿಚ್ಚಿದೆ. ಎರಡೂ ಬೂಟನ್ನು, ಒಳಗಿನ ಹಳೇ ಬಟ್ಟೆಯ ಸಮೇತ, ಮೇಜಿನ ಮೇಲಿದ್ದ ಆ ಕಾಗದದ ಮೇಲಿಟ್ಟೆ. ಸಾಹೇಬರು ದಡಬಡ ಎದ್ದು ದೇವರ ಫೋಟೋವನ್ನು ಮೇಜಿನಿಂದ ಎತ್ತಿಕೊಂಡರು.

"ನೆನ್ನೆ ಇದು ನನ್ ಕಾಲಲ್ಲಿತ್ತು ಸಾ. ಸರದಿ ಅವುಂದು, ಆಕ್ಕೊಂಡಿದ್ದು ನಾನು. ಅಂಗೇ ಬರೀರಿ, ಸೈನ್ ಆಕ್ತೀನಿ. ಇಬ್ರಿಗೂ ಇದೊಂದೇ ಜೊತೆ ಅಂತ್ಲೂ ಬರೀರಿ. ಅಲ್ಲ ಅಂದ್ರೆ ರಾಚಯ್ಯನ ಜೊತೆ ಎಲ್ಲೈತೆ, ತಂದು ಇದರ ಪಕ್ಕ ಇಡ್ರಿ."

ಯಾರೂ ಬರೆಯಲಿಲ್ಲ, ಯಾರೂ ತರಲೂ ಇಲ್ಲ. ರಾಜೇಂದ್ರ ನಮ್ಮವ್ವನನ್ನು ಎತ್ತಿ ಬೈದ, ಇನ್ನು ಗೇಟಿನ ಹತ್ತಿರ ಸುಳಿದರೆ ಕಾಲು ಮುರಿಯುತ್ತೇನೆ ಎಂದ. ನಾನು ಬರಿಗಾಲಲ್ಲಿ ಹೊರಬಿದ್ದೆ. ಮಧ್ಯಾಹ್ನದ ಟಾರು ಅಂಗಾಲಿಗೆ ಅಂಟುತ್ತಿತ್ತು.

ಆಸ್ಪತ್ರೆಯಲ್ಲಿ ರಾಚಯ್ಯ ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದ.

"ಬೂಟೆಲ್ಲಿಲಾ? ಇವತ್ತು ನಿನ್ ಸರದಿ ಅಲ್ವಾ?"

ನಡೆದದ್ದನ್ನೆಲ್ಲ ಹೇಳಿದೆ. ಶಾಲೆಗೆ ಹೋಗಿದ್ದನ್ನೂ, ಖುಷಿಪಟ್ಟಿದ್ದನ್ನೂ ಹೇಳಿದೆ. ತಲೆ ಎತ್ತಲಾಗಲಿಲ್ಲ. ರಾಚಯ್ಯ ಮಂಚದ ಕೆಳಗೆ ಕೈ ಹಾಕಿ ತಡಕಾಡಿ, ಉಳಿದಿದ್ದ ಎಡಗಾಲಿನ ಹವಾಯಿಯನ್ನು ನನ್ನ ಕಡೆ ತಳ್ಳಿದ.

"ರೋಡು ಸುಡ್ತೈತೆ. ಒಂದ್ ಕಾಲ್ಗಾದ್ರೂ ಮೆಟ್ಕೊ."

ಬೂಟಿನ ಬದಲಿಗೆ ನಾನು ಕೊಟ್ಟಿದ್ದ ನನ್ನದೇ ಹವಾಯಿ ಅದು, ಬಾರಿಗೆ ಚುಚ್ಚಿದ ಪಿನ್ನು ಹಾಗೇ ಇತ್ತು. ನನಗೆ ಅದರೊಳಗೆ ಕಾಲಿಡಲು ಆಗಲಿಲ್ಲ.