ಒಮ್ಮೆ ಬರೆಸಿದ ಹೆಸರು

ನಮ್ಮ ಮುತ್ತಜ್ಜ ಹನ್ನೊಂದು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಿದ್ದ ಎಂದು ನನಗೆ ಗೊತ್ತಾದದ್ದು ಒಂದು ಬುಧವಾರ ಮಧ್ಯಾಹ್ನ. ತಮ್ಮನ ವಿಚಾರಣೆಗೆ ಇನ್ನು ಎರಡೇ ದಿನ ಬಾಕಿ ಇತ್ತು. ಮರಣ ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಮತ್ತೆ ಓದಿದೆ. ಅದೇ ಹೆಸರು, ಅದೇ ಹಳ್ಳಿ, ಅದೇ ಅಪ್ಪ. ಅಪ್ಪನ ವೃತ್ತಿ ಬೇಸಾಯ. ವಯಸ್ಸು ಹನ್ನೊಂದು ತಿಂಗಳು, ಕಾರಣ ಜ್ವರ. ಹನ್ನೊಂದು ತಿಂಗಳಿಗೆ ಸತ್ತವನಿಗೆ ಮರಿಮಕ್ಕಳು ಹೇಗಾದಾರು?

ಇಪ್ಪತ್ತಾರು ವರ್ಷಗಳಿಂದ ನಾನು ಇದೇ ದಾಖಲೆ ಕೋಣೆಯ ಗುಮಾಸ್ತೆ. ಧೂಳು ಕುಡಿದು ಕುಡಿದು ನನ್ನ ಕೆಮ್ಮಿಗೂ ಸರ್ಕಾರಿ ಸೀಲು ಬಿದ್ದಿದೆ. ಊರಿನವರ ಹುಟ್ಟು ಸಾವುಗಳೆಲ್ಲ ನನ್ನ ಬೆರಳ ತುದಿಯಲ್ಲಿದ್ದವು, ನಮ್ಮ ಮನೆಯವರದ್ದೊಂದನ್ನು ಬಿಟ್ಟು. ಅದನ್ನು ಹುಡುಕುವ ಗರಜು ಯಾವತ್ತೂ ಬಂದಿರಲಿಲ್ಲ.

ಗರಜು ಬಂದದ್ದು ಹೊಸ ಕಾಯಿದೆಯಿಂದ. ಸಾವಿರದ ಒಂಬೈನೂರಕ್ಕಿಂತ ಮುಂಚೆ ಈ ನೆಲದಲ್ಲಿ ಹುಟ್ಟಿದ ಹಿರಿಯರೊಬ್ಬರನ್ನು ಕಾಗದದ ಮೇಲೆ ತೋರಿಸಬೇಕು; ಅವರಿಂದ ನಮ್ಮವರೆಗೆ ಎಳೆ ಎಲ್ಲೂ ಕಡಿದಿರಬಾರದು. ಸರ್ಕಾರಿ ನೌಕರಳೆಂದು ನನ್ನ ತಂಟೆಗೆ ಬರಲಿಲ್ಲ. ತಮ್ಮ ಲಾರಿ ಡ್ರೈವರು. ಗಡಿಯಾಚೆ ಸಿಮೆಂಟು ಇಳಿಸಿ ಖಾಲಿ ಗಾಡಿಯಲ್ಲಿ ಬರುತ್ತಿದ್ದವನನ್ನು ಚೆಕ್‌ಪೋಸ್ಟಿನಲ್ಲೇ ಇಳಿಸಿಕೊಂಡು ಶಿಬಿರಕ್ಕೆ ಹಾಕಿದರು. ನಲವತ್ತೇಳು ದಿನವಾಗಿತ್ತು. ವಿಚಾರಣೆಯಲ್ಲಿ ಸೋತರೆ ಅವನನ್ನು ಗಡಿಯಾಚೆ ಬಿಟ್ಟು ಬರುತ್ತಾರೆ. ಅಲ್ಲಿ ಅವನಿಗೆ ಒಂದು ಪಂಕ್ಚರ್ ಅಂಗಡಿಯವನನ್ನು ಬಿಟ್ಟರೆ ನರಪಿಳ್ಳೆಯ ಪರಿಚಯವಿಲ್ಲ.

ತಮ್ಮ, ಅಪ್ಪ, ಅಜ್ಜ, ಮೂವರ ಜನನ ಪತ್ರಗಳೂ ಮನೆಯ ಟ್ರಂಕಿನಲ್ಲಿದ್ದವು. ಮುತ್ತಜ್ಜನದೊಂದೇ ಬೇಕಿತ್ತು. ಮೂರು ವಾರ ಹುಡುಕಿ, ಹುಳು ಹಿಡಿದ ಗಂಟೊಂದರಲ್ಲಿ ಸಾವಿರದ ಎಂಟುನೂರ ಎಂಬತ್ತೊಂದರ ಅವನ ಹುಟ್ಟು ಸಿಕ್ಕಾಗ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದ್ದೆ. ಆದರೆ ಹಳೆಯ ಹುಟ್ಟಿನ ನಕಲು ಕೊಡುವ ಮೊದಲು ಮುಂದಿನ ಐದು ವರ್ಷದ ಮರಣ ರಿಜಿಸ್ಟರು ನೋಡಿ, ಆ ಕೂಸು ಉಳಿಯಿತೋ ಇಲ್ಲವೋ ಎಂದು ಶರಾ ಬರೆಯಬೇಕು. ಅದು ಕಚೇರಿಯ ನಿಯಮ. ನೋಡಿದೆ. ನೋಡಬಾರದಿತ್ತು.

ಸುಳ್ಳು ಹೇಳುವುದಿಲ್ಲ, ಬ್ಲೇಡು ಕೈಗೆತ್ತಿಕೊಂಡಿದ್ದೆ. ಹೊಲಿಗೆಯ ಬುಡದಲ್ಲಿ ಒಂದು ಗೀರು ಸಾಕಿತ್ತು. ಕೈ ತಡೆದದ್ದು ಪ್ರಾಮಾಣಿಕತೆಯಲ್ಲ. ಇದೇ ರಿಜಿಸ್ಟರಿನ ಇನ್ನೊಂದು ಪ್ರತಿ ದೊಡ್ಡ ಕಚೇರಿಯಲ್ಲಿದೆ ಎಂಬುದು ನೆನಪಾಯಿತು, ಅಷ್ಟೆ. ಬ್ಲೇಡನ್ನು ಡ್ರಾಯರಿಗೆ ಹಾಕಿ, ಮೇಜಿಗೆ ತಲೆಯಾನಿಸಿ ಅತ್ತೆ.

ಮನೆಗೆ ಬಂದು ಅಮ್ಮನ ಮುಂದೆ ಕೂತು ಹೇಳಿದೆ. ಅಮ್ಮನಿಗೆ ಎಪ್ಪತ್ತೆಂಟು. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಚುರುಕು.

"ಅಯ್ಯೋ, ಇದಕ್ಯಾಕೆ ಇಷ್ಟು ಮುಖ ಬಾಡಿಸ್ಕೊಂಡಿದೀಯ?" ಅಂದಳು. "ನಿಮ್ಮಪ್ಪನ ಮನೆ ಕಡೆ ಮೊದ್ಲಿಂದ್ಲೂ ಹಾಗೇ. ಹೋದ ಕೂಸಿನ ಹೆಸರನ್ನೇ ಮುಂದಿನ ಕೂಸಿಗೆ ಇಡೋದು. ಬಂದವನು ಅವನೇ ಅಂತ."

"ಸರಿ, ಮತ್ತೆ ಆ ಎರಡನೇ ಹುಟ್ಟು ಯಾಕೆ ಎಲ್ಲೂ ಬರೆದಿಲ್ಲ?"

"ಒಂದ್ಸಲ ಬರ್ಸಿದ್ರಲ್ಲ. ಅದೇ ಹೆಸರು ಮತ್ತೆ ಯಾಕೆ ಬರ್ಸ್ಬೇಕು? ಅದಕ್ಕೋಸ್ಕರ ಕೆಲಸ ಬಿಟ್ಟು ಅಷ್ಟು ದೂರ ನಡೀತಾರಾ ಯಾರಾದ್ರೂ?"

ಅಮ್ಮನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟೆ. ಗುರುವಾರ ಬಾಗಿಲು ತೆಗೆಯುತ್ತಲೇ ಕಚೇರಿಗೆ ಓಡಿ ಮದುವೆ ರಿಜಿಸ್ಟರು ಎಳೆದೆ. ಸಾವಿರದ ಒಂಬೈನೂರ ಮೂರರಲ್ಲಿ ಮುತ್ತಜ್ಜನ ಮದುವೆ, ಅವನ ವಯಸ್ಸು ಇಪ್ಪತ್ತು. ಅಂದರೆ ಎಂಬತ್ತಮೂರರಲ್ಲಿ ಹುಟ್ಟಿದವನು. ಎಂಬತ್ತೆರಡರಲ್ಲಿ ಸತ್ತ ಅಣ್ಣನ ಹೆಸರು ಹೊತ್ತು ಬಂದ ಎರಡನೆಯವನು! ಆ ದಿನ ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹಳೆಯ ಗೋದಾಮಿಗೆ ಸುಣ್ಣ ಬಳಿದು ಮಾಡಿದ ಕೋಣೆ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ತಮ್ಮನನ್ನು ಒಬ್ಬ ಪೇದೆ ಕರೆತಂದ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಿಕೊಂಡಿದ್ದ. ನನ್ನನ್ನು ನೋಡಿ, "ಅಕ್ಕಾ, ಬಿಟ್ಟಿ ಊಟ ಮೈಗೆ ಹತ್ತಲ್ಲ ನೋಡು," ಅಂದು ನಕ್ಕ. ನಗುವಾಗ ಗದ್ದ ನಡುಗುತ್ತಿತ್ತು.

ಅಧಿಕಾರಿ ಕೆಟ್ಟವನಾಗಿರಲಿಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ. ಹುಟ್ಟು, ಸಾವು, ಮದುವೆಯ ಮೂರು ನಕಲುಗಳನ್ನೂ ಸಾಲಾಗಿ ಇಟ್ಟು, ವರ್ಷಗಳನ್ನು ಬೆರಳಲ್ಲಿ ಕೂಡಿ ಕಳೆದು, ನನ್ನ ಮಾತನ್ನು ಕೊನೆಯವರೆಗೂ ಕೇಳಿದ.

"ನೀವು ಹೇಳೋದು ಸರಿ ಅನ್ಸುತ್ತಮ್ಮ," ಅಂದ. "ಆದ್ರೆ ನಿಮ್ಮ ಮನೆತನದಲ್ಲಿ ಹೀಗೆ ಮಾಡೋ ರೂಢಿ ಇತ್ತು ಅನ್ನೋಕೆ ಇನ್ನೊಂದು ಉದಾಹರಣೆ ಬೇಕು. ಒಂದಾದ್ರೂ ಇದ್ಯಾ?"

ನಾನು ಫೈಲು ತಿರುವಿದೆ. ಅಜ್ಜನ ಅಣ್ಣತಮ್ಮಂದಿರ ಪಟ್ಟಿಯಲ್ಲಿ ಅಂಥದ್ದೇನಾದರೂ ಸಿಗಬಹುದೇ ಎಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಅಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ಯಾಕಿಲ್ಲ ಸ್ವಾಮಿ? ಇವನೇ ಇದಾನಲ್ಲ!" ಎಂದು ತಮ್ಮನ ಕಡೆ ಕೈ ತೋರಿಸಿದಳು. ಅವಳ ಮುಖ ಅರಳಿತ್ತು. "ಇವನಿಗಿಂತ ಮುಂಚೆ ಒಬ್ಬ ಹುಟ್ಟಿದ್ದ. ಹತ್ತೊಂಬತ್ತು ದಿನ ಇದ್ದ ಅಷ್ಟೇ. ಎರಡು ವರ್ಷಕ್ಕೆ ಇವನು ಬಂದ. ಅದೇ ಹೆಸರಿಟ್ವಿ."

ಅಧಿಕಾರಿ ತಮ್ಮನ ಜನನ ಪತ್ರವನ್ನು ಮೆಲ್ಲಗೆ ಎತ್ತಿಕೊಂಡ.

"ಹಾಗಾದ್ರೆ ಇದು ಯಾರದ್ದಮ್ಮ?"

"ದೊಡ್ಡವಂದು."

"ಇವರದ್ದು?"

"ಅದೇ ಇತ್ತಲ್ಲ. ಮತ್ತೆ ಯಾಕೆ ಬರ್ಸೋದು?"

ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿಯಬೇಕೆನಿಸಿತು. ಮಾತು ಆಗಲೇ ಹೊರಬಿದ್ದಾಗಿತ್ತು. ತಮ್ಮ ಹುಟ್ಟಿದ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಹೊಸಿಲ ಮೇಲೆ ಕೂತಿದ್ದ ನನ್ನ ತೊಡೆಯ ಮೇಲೆ ಅವನನ್ನು ಮಲಗಿಸಿದ್ದರು. ಕಾಗದದ ಲೆಕ್ಕದಲ್ಲಿ ಆಗ ನನಗೆ ಮೂರು ವರ್ಷ. ಮೂರು ವರ್ಷದವಳಿಗೆ ಇಷ್ಟೆಲ್ಲ ನೆನಪಿರುವುದು ಸಾಧ್ಯವೇ ಎಂದು ನನ್ನ ನೆನಪನ್ನೇ ಅನುಮಾನಿಸುತ್ತ ಬಂದವಳು ನಾನು. ಕಾಗದವನ್ನು ಒಂದು ದಿನವೂ ಅನುಮಾನಿಸಲಿಲ್ಲ.

"ಸರ್, ಆಗ ನಂಗೆ ಐದು ವರ್ಷ. ಇವನನ್ನ ಎತ್ಕೊಂಡಿದೀನಿ ಸರ್, ಈ ಕೈಯಲ್ಲೇ!" ನನ್ನ ದನಿ ಕಿರುಚಿದಂತೆ ಕೇಳಿಸಿತು.

"ಅದು ಎಲ್ಲಿ ಬರೆದಿದೆ?" ಎಂದು ಅವನು ಕೇಳಿದ. ವ್ಯಂಗ್ಯವಿರಲಿಲ್ಲ, ಬೇಸರವಿತ್ತು. ಇದೇ ಪ್ರಶ್ನೆಯನ್ನು ನನ್ನ ಕೌಂಟರಿನ ಮುಂದೆ ಕೈಮುಗಿದು ನಿಂತ ಎಷ್ಟು ಜನಕ್ಕೆ ನಾನು ಕೇಳಿದ್ದೇನೋ, ಆಗ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು.

ಮುತ್ತಜ್ಜನನ್ನು ಅವರು ಒಪ್ಪಿಕೊಂಡರು. ಅಮ್ಮನ ಉದಾಹರಣೆಯ ಬಲದ ಮೇಲೆ, ಅವನು ಈ ನೆಲದವನೇ ಎಂದು ಬರೆದು ಸೀಲು ಒತ್ತಿದರು. ತಮ್ಮನನ್ನು ಒಪ್ಪಲಿಲ್ಲ. ತೀರಿಹೋದ ಬೇರೊಬ್ಬ ವ್ಯಕ್ತಿಯ ಜನನ ಪತ್ರ ಬಳಸಿದ್ದಾನೆ, ಈತನ ಹುಟ್ಟಿಗೆ ದಾಖಲೆಯಿಲ್ಲ ಎಂದು ಬರೆದರು. ಗಡಿಗೆ ಹೋಗುವ ಸೋಮವಾರದ ವ್ಯಾನಿಗೆ ಅವನ ಹೆಸರು ಸೇರಿತು.

ಪೇದೆ ತೋಳು ಹಿಡಿದಾಗ ತಮ್ಮ ತಿರುಗಿ ನೋಡಿದ. "ಅಕ್ಕಾ, ಹಾಗಾದ್ರೆ ನಂಗೀಗ ನಲವತ್ತೊಂಬತ್ತಾ, ನಲವತ್ತೇಳಾ?"

"ನಲವತ್ತೇಳು ಕಣೋ," ಅಂದೆ.

ಕಣ್ಣು ಮಂಜಾದ ಅಮ್ಮ ನನ್ನ ಸೆರಗು ಹಿಡಿದುಕೊಂಡೇ ಹೊರಗೆ ಬಂದಳು. ಮೆಟ್ಟಿಲ ಬಳಿ ನಿಂತು ಕೇಳಿದಳು: "ನಾನು ಹೇಳಿದ್ಮೇಲೇ ಅಲ್ವೇನೇ ಅವರು ಸೀಲು ಹಾಕಿದ್ದು?"

"ಹೌದಮ್ಮ."

"ನಂಗೆ ಗೊತ್ತಿತ್ತು," ಎಂದು ಅವಳು ಮೆಟ್ಟಿಲ ಮೇಲೇ ಕೂತಳು. "ಅವನೂ ಬರ್ಲಿ, ಮೂರೂ ಜನ ಒಟ್ಟಿಗೇ ಮನೆಗೆ ಹೋಗೋಣ."