ಬುಡೇನ್ ಸಾಬರು ದಾಟಿ ಹೋದ ಬಾಗಿಲು

ಚಪ್ಪಲಿ ಸದ್ದು ನಿಲ್ಲಲಿಲ್ಲ, ದಾಟಿಯೇ ಹೋಯಿತು, ಬುಡೇನ್ ಸಾಬರದ್ದೇ, ಈ ಮೊಹಲ್ಲಾದಲ್ಲಿ ಎಡಗಾಲು ಎಳೆಯೋದು ಅವರೊಬ್ಬರೇ, ಮದುವೆ ಊಟಕ್ಕೆ ಮನೆಮನೆಗೂ ಹೋಗಿ ಬಾಯಲ್ಲೇ ಕರೆಯೋದೂ ಅವರೊಬ್ಬರೇ — ಎಡಗಡೆ ಮನೆಗೆ ಕೂಗಿದರು, ದಸ್ತಗೀರ್ ಮಗಳ ಮದುವೆ, ನಾಳೆ ಮಧ್ಯಾಹ್ನ ದಾವತ್, ಮನೆಮಂದಿಯೆಲ್ಲಾ, ಬಲಗಡೆಗೂ ಕೂಗಿದರು, ಅಲ್ಲೂ ಮನೆಮಂದಿಯೆಲ್ಲಾ, ನಡುವೆ ನಾನು ಸೆರಗು ಸರಿಮಾಡಿಕೊಂಡು ಕದದ ಹಿಂದೆ ನಿಂತಿದ್ದೇನೆ, ನನ್ನದೇನು ಮನೆಯಲ್ಲವೇ, ಗೋಡೆಯೇ? ಮನೆಯಿಂದ ಒಬ್ಬರೇ ಬನ್ನಿ ಅಂದಿದ್ದರೂ ಆಗುತ್ತಿತ್ತು, ಇಲ್ಲ, ಆಗುತ್ತಿರಲಿಲ್ಲ, ಅದಕ್ಕೂ ಬೈಯುತ್ತಿದ್ದೆ. ಪಾವಗಡದಿಂದ ಶಿರಾಕ್ಕೆ ಸೊಸೆಯಾಗಿ ಬಂದು ಹನ್ನೆರಡು ವರ್ಷ, ಇನ್ನೂ ಪಾವಗಡದೋಳು, ನನ್ನ ಉರ್ದುವಿನಲ್ಲಿ ಅರ್ಧ ತೆಲುಗು ಅಂತ ನಕ್ಕು ನಕ್ಕು ಕೊನೆಗೆ ಎಲ್ಲರೂ ನನ್ನ ಹತ್ತಿರ ಕನ್ನಡವೇ ಮಾತಾಡೋದು, ಸೀಮೆಎಣ್ಣೆ ಕ್ಯೂನಲ್ಲಿ ಏಳು ಮನೆಯ ಡಬ್ಬ ಸಾಲಾಗಿಟ್ಟು ಬಿಸಿಲಲ್ಲಿ ನಾನು ಕಾಯೋವಾಗ ಮಾತ್ರ ಪ್ಯಾರಿಮಾ ನಮ್ಮೋಳು, ದಸ್ತಗೀರನ ತಾಯಿ ಹುಸೇನ್‌ಬಿಗೆ ಬಲಗೈ ಮುರಿದಾಗ ಎರಡು ತಿಂಗಳು ತಲೆ ಬಾಚಿದ್ದು ಯಾರು, ಜೋರಾಗಿ ಎಳೀತೀಯ ಅಂತ ಬೈಸಿಕೊಂಡಿದ್ದು ಯಾರು? ನಮ್ಮೆಜಮಾನರಿಗೆ ಹೇಳಿದರೆ ಟಾಂಗಾದ ಚಕ್ರಕ್ಕೆ ಎಣ್ಣೆ ಬಿಡುತ್ತಾ, ಮರ್ತಿರ್ಬೇಕು ಬಿಡೇ, ಅಂದರು, ಮರೆಯೋಕೆ ನಾನೇನು ಛತ್ರಿಯೇ, ನಾಳೆ ಕದ ಹಾಕಿಕೊಂಡು ಮುದ್ದೆ ಹುರುಳಿ ಸಾರು ಉಣ್ಣುತ್ತೇನೆ, ಬಿರಿಯಾನಿ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತೇನೆ, ಸ್ವಲ್ಪ ಹೊತ್ತು — ಯಾರೋ ಕದ ಬಡಿಯುತ್ತಿದ್ದಾರೆ, ಹುಸೇನ್‌ಬಿಯೇ, ಕೋಲೂರಿಕೊಂಡು, ಏನೇ, ಹೊತ್ತು ನೆತ್ತಿಗ್ ಬಂತು, ಅಕ್ಕಿ ಆರ್ಸಾಕೆ ಬರ್ಲೇ ಇಲ್ವಲ್ಲ, ನಾನು ತಡೆಯದೆ ಅಂದೇಬಿಟ್ಟೆ, ಕರೀದಿರೋ ಮನೆಗೆ ಯಾಕ್ ಬರ್ಲಿ ಖಾಲಾ, ಬುಡೇನ್ ಸಾಬ್ರು ದಾಟ್ಕಂಡ್ ಹೋಗ್ಬುಟ್ರು, ಥೂ, ಮುಖ ಆಚೆ ತಿರುಗಿಸಿಕೊಂಡೆ, ಮುದುಕಿ ಕೋಲು ಕುಟ್ಟಿದಳು, ಲೇ ಹುಚ್ಚಿ, ನಿನ್ ಬಾಗ್ಲಿಗ್ ಹೋಗ್ಬೇಡ ಅಂತ ನಾನೇ ಹೇಳ್ದೆ ಕಣೇ, ದಾವತ್ಗೆ ಕರಿಯೋದು ಉಣ್ಣಾಕ್ ಬರೋರ್ನ, ಬಡ್ಸೋರ್ನಲ್ಲ, ನನ್ ಸೊಸೇನ ಯಾರಾನ ಕರುದ್ರಾ?

ಹಾಗಾದರೆ ಇಷ್ಟು ವರ್ಷ ಪ್ರತಿ ಮದುವೆಗೂ ಬಾಗಿಲಿಗೆ ಬಂದು ಕರೆದರು ಅಂತ ಹಿಗ್ಗಿದೆನಲ್ಲ, ಆಗೆಲ್ಲ ನಾನು ಹೊರಗಿನವಳು, ಅಯ್ಯೋ, ಸಂತೋಷಕ್ಕೆ ಕಾಲೇ ನಿಲ್ಲುತ್ತಿಲ್ಲ, ನಾಚಿಕೆಯೂ ಆಗುತ್ತಿದೆ, ಬೆಳಗಿಂದ ಬೈದದ್ದನ್ನೆಲ್ಲ ಈಗ ಎಲ್ಲಿ ಹಾಕಲಿ, ಮುದುಕಿ ನನಗಿಂತ ಮುಂದೆ ಹೋಗುತ್ತಿದ್ದಾಳೆ, ಅವರ ಮನೆಯ ಅಂಗಳದಲ್ಲಿ ಹೆಂಗಸರು ಸುತ್ತ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಾರೆ, ಒಬ್ಬೊಬ್ಬರ ಮುಂದೆ ಒಂದೊಂದು ಮೊರ, ಇನ್ನೊಂದು ಮೊರ ತುಂಬಿಯೇ ಇದೆ, ಬೆಳಗಿಂದ ಯಾರೂ ಕೈ ಹಾಕಿಲ್ಲ, ಅದರ ಹಿಂದೆ ಯಾರೂ ಕೂತಿಲ್ಲ, ಕೂರಲು ಮುದುಕಿ ಬಿಟ್ಟೂ ಇಲ್ಲ, ಆ ಮೊರ, ಆ ಒಂದು ಮೊರ —